ಮನೆಯ ಇನ್‌ಕ್ಯುಬೇಟರಿನಲ್ಲಿ ಕೋಳಿಮರಿ ಮಾಡಿಸುವ ಕ್ರಮ: ಮಲೆನಾಡಿನ ಹವೆಗೆ ಬೇರೆ, ಬಯಲಿನ ಹವೆಗೆ ಬೇರೆ

ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಓದುಗರು ಪದೇ ಪದೇ ಕೇಳುವ ಪ್ರಶ್ನೆ ಒಂದೇ ರೀತಿಯದು. ನಲವತ್ತು, ಐವತ್ತು ಮೊಟ್ಟೆ ಹಿಡಿಯುವ ಚಿಕ್ಕ ಇನ್‌ಕ್ಯುಬೇಟರ್ ತಂದು, ಅದರ ಜೊತೆ ಬಂದ ಚೀಟಿಯಲ್ಲಿ ಹೇಳಿದಂತೆಯೇ ಎಲ್ಲವನ್ನೂ ಮಾಡಿದ್ದರೂ ಮೊಟ್ಟೆಗಳಲ್ಲಿ ಅರ್ಧಕ್ಕರ್ಧ ಏಕೆ ಒಡೆಯಲಿಲ್ಲ, ಪೂರ್ತಿ ಬೆಳೆದ ಮರಿ ಚಿಪ್ಪಿನೊಳಗೇ ಏಕೆ ಸತ್ತಿತು ಎಂಬುದು ಆ ಪ್ರಶ್ನೆ. ಆ ಚೀಟಿ ಯಾವ ಊರಿನ ಹವೆಯನ್ನೂ ಗಮನದಲ್ಲಿಟ್ಟು ಬರೆದದ್ದಲ್ಲ ಎಂಬುದನ್ನು ಮೊದಲು ತಿಳಿಯಬೇಕು. ಮೊಟ್ಟೆಗೆ ಬೇಕಾದ ಶಾಖ ಎಲ್ಲ ಊರಿನಲ್ಲೂ ಒಂದೇ. ಆದರೆ ಪೆಟ್ಟಿಗೆಗೆ ಎಷ್ಟು ನೀರು ಇಡಬೇಕು ಎಂಬುದು ಜುಲೈ ತಿಂಗಳ ಮೂಡಿಗೆರೆಯಲ್ಲಿ ಒಂದು ರೀತಿ, ಮಾರ್ಚ್ ತಿಂಗಳ ಕಡೂರಿನಲ್ಲಿ ಇನ್ನೊಂದು ರೀತಿ. ಈ ಲೇಖನದಲ್ಲಿ ಆ ವಿಷಯಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಉಳಿದ ಹಂತಗಳನ್ನು ಅಗತ್ಯವಿರುವಷ್ಟು ಮಾತ್ರ ವಿವರಿಸಿದ್ದೇನೆ.

ಇಲ್ಲಿ ಹೇಳಿರುವ ದಿನಗಳೆಲ್ಲ ಕೋಳಿಮೊಟ್ಟೆಗೆ ಸಂಬಂಧಿಸಿದವು. ಕೋಳಿಮೊಟ್ಟೆ 21 ದಿನಕ್ಕೆ ಒಡೆಯುತ್ತದೆ. ಜಪಾನಿ ಗೌಜಲಹಕ್ಕಿಗೆ 17ರಿಂದ 18, ಗಿನಿ ಕೋಳಿಗೆ 26ರಿಂದ 28, ಬಾತುಕೋಳಿಗೂ ಟರ್ಕಿ ಕೋಳಿಗೂ 28 ದಿನ ಹಿಡಿಯುತ್ತದೆ. ಬೇರೆ ಬೇರೆ ಜಾತಿಯ ಮೊಟ್ಟೆಗಳನ್ನು ಒಂದೇ ಪೆಟ್ಟಿಗೆಯಲ್ಲಿ ಬೆರೆಸಿ ಇಡಬೇಡಿ. ಒಂದಕ್ಕೆ ಕೊನೆಯ ದಿನಗಳ ತೇವ ಬೇಕಾದಾಗ ಇನ್ನೊಂದಕ್ಕೆ ಅದೇ ತೇವ ಹಾನಿ ಮಾಡುತ್ತದೆ.

ಬೇಕಾಗುವ ಸಾಮಗ್ರಿ

ಒಳಗೆ ಚಿಕ್ಕ ಫ್ಯಾನ್ ಇರುವ ಇನ್‌ಕ್ಯುಬೇಟರ್, ಅಂದರೆ ಹೇಟೆಯ ಬದಲು ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ, ಮೊದಲ ಅಗತ್ಯ. ಫ್ಯಾನ್ ಇಲ್ಲದ ಪೆಟ್ಟಿಗೆಯಲ್ಲೂ ಮರಿ ಮಾಡಿಸಬಹುದು, ಆದರೆ ಅದರಲ್ಲಿ ಮೇಲಿನ ಗಾಳಿ ಬಿಸಿಯಾಗಿಯೂ ಕೆಳಗಿನದು ತಣ್ಣಗೂ ಇರುವುದರಿಂದ ಹೊಸಬರಿಗೆ ಅದನ್ನು ನಾನು ಸಲಹೆ ಮಾಡುವುದಿಲ್ಲ. ಇದಲ್ಲದೆ ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರ್, ಗಾಳಿಯ ತೇವಾಂಶ ತೋರಿಸುವ ಹೈಗ್ರೋಮೀಟರ್, ಒಂದು ಗ್ರಾಮಿನ ವ್ಯತ್ಯಾಸವನ್ನೂ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ, ಪ್ರಖರವಾದ ಚಿಕ್ಕ ಟಾರ್ಚ್, ಸೀಸದ ಕಡ್ಡಿ, ಕರೆಂಟ್ ಹೋದಾಗ ಆಧಾರವಾಗುವ ಬ್ಯಾಟರಿ ಇವಿಷ್ಟು ಇರಲಿ. ತಕ್ಕಡಿ ಏಕೆಂದು ಹಲವರು ಕೇಳುತ್ತಾರೆ. ಈ ಪಟ್ಟಿಯಲ್ಲಿ ಅತ್ಯಂತ ಉಪಯುಕ್ತವಾದ ಸಾಧನ ಅದೇ ಎಂದು ಮುಂದೆ ನಿಮಗೆ ತಿಳಿಯುತ್ತದೆ.

1. ಮೊಟ್ಟೆ ಆರಿಸುವುದು

ಹುಂಜದ ಜೊತೆಗಿರುವ ಹೇಟೆಯ ಮೊಟ್ಟೆ ಮಾತ್ರ ಮರಿಯಾಗುತ್ತದೆ. ಅಂಗಡಿಯ ಫಾರಂ ಮೊಟ್ಟೆಗಳು ಹುಂಜವೇ ಇಲ್ಲದ ಶೆಡ್ಡುಗಳಿಂದ ಬರುವುದರಿಂದ ಅವನ್ನು ಎಷ್ಟು ದಿನ ಕಾವಿಗಿಟ್ಟರೂ ಪ್ರಯೋಜನವಿಲ್ಲ. ಎಂಟರಿಂದ ಹತ್ತು ಹೇಟೆಗಳಿಗೆ ಒಂದು ಆರೋಗ್ಯವಂತ ಹುಂಜ ಇರಬೇಕು. ಹಿಂಡಿಗೆ ಹೊಸದಾಗಿ ಹುಂಜ ಬಿಟ್ಟಿದ್ದರೆ ಸುಮಾರು ಹತ್ತು ದಿನ ಕಳೆದ ಮೇಲೆ ಇಟ್ಟ ಮೊಟ್ಟೆಗಳನ್ನು ಸಂಗ್ರಹಿಸಿ.

ತೀರಾ ಚಿಕ್ಕದು, ಎರಡು ಹಳದಿ ಇರುವಷ್ಟು ದೊಡ್ಡದು, ಉದ್ದುದ್ದ ಆಕಾರದ್ದು, ಚಿಪ್ಪು ಒರಟಾಗಿಯೋ ತೆಳ್ಳಗೋ ಇರುವುದು, ಕೂದಲೆಳೆಯಷ್ಟಾದರೂ ಬಿರುಕು ಬಿಟ್ಟದ್ದು, ಇವನ್ನೆಲ್ಲ ಬದಿಗಿಡಿ. ಹಿಕ್ಕೆ ಮೆತ್ತಿದ ಮೊಟ್ಟೆಯನ್ನು ತೊಳೆದು ಇಡುವ ಅಭ್ಯಾಸ ಬಹಳ ಜನರಲ್ಲಿದೆ. ಅದನ್ನು ಬಿಡಿ. ಚಿಪ್ಪಿನ ಮೇಲೆ ಹುಟ್ಟಿನಿಂದಲೇ ಬರುವ ತೆಳುಪೊರೆಯೊಂದು ರೋಗಾಣುಗಳನ್ನು ತಡೆಯುತ್ತದೆ. ತಣ್ಣೀರಿನಲ್ಲಿ ತೊಳೆದರೆ ಆ ಪೊರೆ ಹೋಗುವುದಲ್ಲದೆ ಕೊಳೆನೀರು ಚಿಪ್ಪಿನ ಸೂಕ್ಷ್ಮ ರಂಧ್ರಗಳ ಮೂಲಕ ಒಳಗೆ ಸೇರಿಕೊಳ್ಳುತ್ತದೆ. ಅಂತಹ ಮೊಟ್ಟೆ ಪೆಟ್ಟಿಗೆಯ ಶಾಖದಲ್ಲಿ ಕೊಳೆತು ಸಿಡಿದರೆ ಸುತ್ತಲಿನ ಒಳ್ಳೆಯ ಮೊಟ್ಟೆಗಳೂ ಕೆಡುತ್ತವೆ. ಒಣಗಿದ ಚಿಕ್ಕ ಕಲೆಯನ್ನು ಒಣಬಟ್ಟೆಯಲ್ಲಿ ಮೆಲ್ಲಗೆ ಒರೆಸಬಹುದು. ಅದಕ್ಕಿಂತ ಹೆಚ್ಚು ಕೊಳೆಯಿದ್ದರೆ ಕಾವಿಗೆ ಇಡಬೇಡಿ. ಗೂಡಿನ ಹುಲ್ಲನ್ನು ಆಗಾಗ ಬದಲಿಸಿದರೆ ಈ ತೊಂದರೆಯೇ ಬರುವುದಿಲ್ಲ.

ಗಿರಿರಾಜ, ಸ್ವರ್ಣಧಾರದಂತಹ ಸುಧಾರಿತ ತಳಿಗಳ ಮೊಟ್ಟೆಯನ್ನು ಮನೆಯಲ್ಲಿ ಮರಿ ಮಾಡಿಸಿದಾಗ ಮರಿಗಳೆಲ್ಲ ತಾಯಿಯಷ್ಟೇ ಬೆಳೆದು ಅಷ್ಟೇ ಮೊಟ್ಟೆ ಇಡುತ್ತವೆ ಎಂದು ನಿರೀಕ್ಷಿಸಬೇಡಿ. ನಾಟಿ ಕೋಳಿಯ ವಿಷಯದಲ್ಲಿ ಈ ಚಿಂತೆ ಕಡಿಮೆ.

2. ಕಾವಿಗಿಡುವವರೆಗೆ ಕಾಪಾಡುವುದು

ಏಳು ದಿನದೊಳಗಿನ ಮೊಟ್ಟೆ ಉತ್ತಮ, ಹತ್ತು ದಿನ ಮೀರಿದ್ದು ಬೇಡ. ಚೂಪು ತುದಿ ಕೆಳಗೆ, ದುಂಡು ತುದಿ ಮೇಲೆ ಬರುವಂತೆ ಟ್ರೇಯಲ್ಲಿ ಜೋಡಿಸಿ, ಪ್ರತಿಯೊಂದರ ಮೇಲೂ ಕೋಳಿ ಅದನ್ನು ಇಟ್ಟ ದಿನಾಂಕವನ್ನು ಸೀಸದ ಕಡ್ಡಿಯಿಂದ ಬರೆಯಿರಿ. ಪೆನ್ನಿನ ಶಾಯಿಯಾಗಲಿ ಮಾರ್ಕರ್ ಆಗಲಿ ಬೇಡ. ಸಂಗ್ರಹಿಸುವ ಜಾಗದ ಶಾಖ 13ರಿಂದ 18 ಡಿಗ್ರಿ ಸೆಲ್ಸಿಯಸ್ ಇದ್ದರೆ ಒಳ್ಳೆಯದು. ಡಿಸೆಂಬರ್, ಜನವರಿಯಲ್ಲಿ ನಮ್ಮ ಮನೆಗಳ ಕತ್ತಲೆ ಕೋಣೆಗಳು ಹೆಚ್ಚುಕಡಿಮೆ ಇದೇ ಶಾಖದಲ್ಲಿರುತ್ತವೆ. ಬೇಸಿಗೆಯಲ್ಲಿ ಅರಸೀಕೆರೆ, ಕಡೂರಿನ ಕಡೆ ಈ ಅನುಕೂಲವಿಲ್ಲ. ಸುಮಾರು 21 ಡಿಗ್ರಿ ದಾಟಿದರೆ ಒಳಗಿನ ಅಂಕುರ ಅರೆಬರೆಯಾಗಿ ಬೆಳೆಯಲು ತೊಡಗಿ ದುರ್ಬಲವಾಗುತ್ತದೆ. ಆದುದರಿಂದ ಆ ಕಡೆಯವರು ಬೇಸಿಗೆಯಲ್ಲಿ ಮೂರು, ನಾಲ್ಕು ದಿನದೊಳಗಿನ ಮೊಟ್ಟೆಗಳನ್ನು ಮಾತ್ರ ಬಳಸುವುದು ಕ್ಷೇಮ. ಫ್ರಿಜ್ಜಿನ ಶಾಖ ಇದಕ್ಕೆ ತೀರಾ ಕಡಿಮೆಯಾಯಿತು, ಅಲ್ಲಿ ಇಡಬೇಡಿ.

ದೂರದಿಂದ ಬೈಕಿನಲ್ಲೋ ಬಸ್ಸಿನಲ್ಲೋ ತಂದ ಮೊಟ್ಟೆಗಳನ್ನು ಆ ದಿನವೇ ಪೆಟ್ಟಿಗೆಗೆ ಹಾಕದೆ, ದುಂಡು ತುದಿ ಮೇಲಾಗಿ ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆ ಅಲುಗದಂತೆ ಇಡಿ. ಹಾಗೆಯೇ, ತಂಪು ಕೋಣೆಯಲ್ಲಿದ್ದ ಮೊಟ್ಟೆಯನ್ನು ನೇರವಾಗಿ ಬಿಸಿ ಪೆಟ್ಟಿಗೆಗೆ ಇಟ್ಟರೆ ಚಿಪ್ಪಿನ ಮೇಲೆ ನೀರಹನಿ ಕೂರುತ್ತದೆ. ಕೆಲವು ಗಂಟೆ ಹೊರಗಿಟ್ಟು ಕೋಣೆಯ ಶಾಖಕ್ಕೆ ಬಂದ ಮೇಲೆ ಇಡಿ.

3. ಪೆಟ್ಟಿಗೆಯನ್ನು ಪರೀಕ್ಷಿಸುವುದು

ಮೊಟ್ಟೆ ಇಡುವ ಮೊದಲು ಇಪ್ಪತ್ತನಾಲ್ಕು ಗಂಟೆಯಾದರೂ ಪೆಟ್ಟಿಗೆಯನ್ನು ಖಾಲಿಯಾಗಿ ಓಡಿಸಿ ನೋಡಬೇಕು. ಬಿಸಿಲು ಬೀಳದ, ಗಾಳಿ ನೇರವಾಗಿ ಬೀಸದ, ಒಲೆಯಿಂದ ದೂರದ ಒಳಕೋಣೆಯಲ್ಲಿ ಅದನ್ನು ಇಡಿ. ಜಗುಲಿಯಲ್ಲಾಗಲಿ ಕೊಟ್ಟಿಗೆಯಲ್ಲಾಗಲಿ ಹಗಲು ರಾತ್ರಿಯ ಶಾಖದಲ್ಲಿ ಬಹಳ ಅಂತರ ಇರುತ್ತದೆ.

ಫ್ಯಾನ್ ಇರುವ ಪೆಟ್ಟಿಗೆಯಲ್ಲಿ ಶಾಖ 37.5 ಡಿಗ್ರಿ ಸೆಲ್ಸಿಯಸ್ ಇರಬೇಕು. ಫ್ಯಾನ್ ಇಲ್ಲದ್ದರಲ್ಲಿ ಮೊಟ್ಟೆಯ ಮೇಲ್ಭಾಗದ ಎತ್ತರದಲ್ಲಿ ಅಳೆದಾಗ ಸುಮಾರು 38.5 ಡಿಗ್ರಿ ಇರಬೇಕು. ಆದರೆ ಪೆಟ್ಟಿಗೆಯ ಪರದೆ ತೋರಿಸುವ ಅಂಕಿಯನ್ನು ನಂಬಿ ಕೂರಬೇಡಿ. ಶಾಖ ಅಳೆಯುವ ಅಗ್ಗದ ಸಂವೇದಕಗಳು (ಸೆನ್ಸರ್) ಒಂದು ಡಿಗ್ರಿ ಆಚೀಚೆ ತೋರಿಸುವುದು ಸಾಮಾನ್ಯ, ಆ ಒಂದು ಡಿಗ್ರಿಯಲ್ಲಿ ಇಡೀ ಕಾವು ಕೆಡಬಹುದು. ಪರೀಕ್ಷಿಸುವ ಸುಲಭ ಕ್ರಮ ಹೀಗಿದೆ: ಒಂದು ಲೋಟದಲ್ಲಿ ಉಗುರುಬೆಚ್ಚಗಿನ ನೀರು ತೆಗೆದುಕೊಂಡು, ಜ್ವರದ ಥರ್ಮಾಮೀಟರಿನಲ್ಲಿ 37ರಿಂದ 38 ಡಿಗ್ರಿ ಬರುವಂತೆ ಬಿಸಿನೀರು, ತಣ್ಣೀರು ಬೆರೆಸಿ. ಪೆಟ್ಟಿಗೆಯ ಸಂವೇದಕದ ತುದಿಯನ್ನು ತೆಳು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅದೇ ನೀರಿನಲ್ಲಿ ಪಕ್ಕದಲ್ಲೇ ಹಿಡಿಯಿರಿ. ಎರಡರ ಅಂತರವನ್ನು ಬರೆದಿಟ್ಟುಕೊಂಡು ಅದಕ್ಕೆ ತಕ್ಕಂತೆ ಪೆಟ್ಟಿಗೆಯ ಅಂಕಿಯನ್ನು ಹೊಂದಿಸಿ. ಜ್ವರದ ಥರ್ಮಾಮೀಟರ್ ನಮಗೆ ಬೇಕಾದ ಶಾಖದ ಆಸುಪಾಸಿನಲ್ಲಿಯೇ ಕರಾರುವಾಕ್ಕಾಗಿ ಅಳೆಯಲು ಮಾಡಿದ್ದು. ಸಂವೇದಕವನ್ನು ಕುದಿಯುವ ನೀರಿನಲ್ಲಿ ಅದ್ದಿ 100 ಡಿಗ್ರಿ ಬರುತ್ತದೆಯೇ ಎಂದು ನೋಡುವ ಕ್ರಮ ನಮ್ಮ ಕಡೆ ತಪ್ಪು ಫಲ ಕೊಡುತ್ತದೆ. ಹಾಸನ, ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸುಮಾರು ಸಾವಿರ ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 97 ಡಿಗ್ರಿಯ ಹತ್ತಿರವೇ ಕುದಿಯುತ್ತದೆ.

ಥರ್ಮೋಸ್ಟಾಟ್ ಎಂದರೆ ಶಾಖ ಹೆಚ್ಚಾದಾಗ ಬಲ್ಬನ್ನು ಆರಿಸಿ, ಕಡಿಮೆಯಾದಾಗ ಹೊತ್ತಿಸುವ ಸಾಧನ. ಎಷ್ಟು ಇಳಿದಾಗ ಮತ್ತೆ ಹೊತ್ತಿಸಬೇಕು ಎಂಬ ಅಂತರವನ್ನು ಕೈಯಿಂದ ಹೊಂದಿಸುವ ವ್ಯವಸ್ಥೆ ಹಲವು ಪೆಟ್ಟಿಗೆಗಳಲ್ಲಿರುತ್ತದೆ. ಅದನ್ನು 0.2 ಅಥವಾ 0.3 ಡಿಗ್ರಿಗೆ ಇಡಿ. ಬಲ್ಬಿನಿಂದ ಕಾಯುವ ಪೆಟ್ಟಿಗೆಯಾದರೆ ಒಂದೇ ದೊಡ್ಡ ಬಲ್ಬಿನ ಬದಲು ಎರಡು ಚಿಕ್ಕ ಬಲ್ಬು ಹಾಕಿಸಿ. ಒಂದು ಸುಟ್ಟುಹೋದರೂ ಇನ್ನೊಂದು ಸ್ವಲ್ಪ ಹೊತ್ತು ಕಾಪಾಡುತ್ತದೆ. ಎಲ್‌ಇಡಿ ಬಲ್ಬಿನಿಂದ ಬೇಕಾದಷ್ಟು ಶಾಖ ಬರುವುದಿಲ್ಲ.

ಹೈಗ್ರೋಮೀಟರನ್ನೂ ಪರೀಕ್ಷಿಸಬೇಕು. ಬಾಟಲಿಯ ಮುಚ್ಚಳವೊಂದರಲ್ಲಿ ಅಡುಗೆ ಉಪ್ಪು ಹಾಕಿ, ಪೂರ್ತಿ ಕರಗದೆ ಕೆಸರಾಗುವಷ್ಟು ಮಾತ್ರ ನೀರು ಬೆರೆಸಿ, ಹೈಗ್ರೋಮೀಟರ್ ಜೊತೆಗೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಮುಚ್ಚಿಡಿ. ಬೆಳಿಗ್ಗೆ ಅದು ಶೇ. 75 ತೋರಿಸಬೇಕು. ಹೆಚ್ಚು ಕಡಿಮೆ ತೋರಿಸಿದರೆ ಆ ವ್ಯತ್ಯಾಸವನ್ನು ಕೂಡಿ ಕಳೆದು ಓದಿಕೊಳ್ಳಿ.

4. ಮೊಟ್ಟೆ ಇಡುವುದು, ದಿನ ಎಣಿಸುವುದು

ಇಟ್ಟ ದಿನವನ್ನು ಲೆಕ್ಕಕ್ಕೆ ಹಿಡಿಯಬಾರದು, ಇಪ್ಪತ್ತನಾಲ್ಕು ಗಂಟೆ ಕಳೆದ ಮೇಲೆ ಒಂದು ದಿನ. ಭಾನುವಾರ ಸಂಜೆ ಇಟ್ಟರೆ ಲೆಕ್ಕ ಸುಲಭ. ಮುಂದಿನ ಎರಡು ಭಾನುವಾರಗಳು 7 ಮತ್ತು 14ನೆಯ ದಿನ, ಅದರ ನಂತರದ ಗುರುವಾರ 18ನೆಯ ದಿನ, ಮೂರನೆಯ ಭಾನುವಾರ ಮರಿ. ಇಡುವ ಮೊದಲು ಎಲ್ಲ ಮೊಟ್ಟೆಗಳನ್ನೂ ಒಟ್ಟಿಗೆ ತೂಗಿ, ತೂಕವನ್ನೂ ಸಂಖ್ಯೆಯನ್ನೂ ಬರೆದಿಡಿ. ಮೊಟ್ಟೆ ಇಟ್ಟ ಮೇಲೆ ಕೆಲವು ಗಂಟೆ ಶಾಖ ಕೆಳಗಿಳಿದಿರುತ್ತದೆ. ತಣ್ಣಗಿನ ಮೊಟ್ಟೆಗಳು ಕಾಯುವವರೆಗೆ ಅದು ಸಹಜ, ಗಾಬರಿಯಿಂದ ಥರ್ಮೋಸ್ಟಾಟನ್ನು ಏರಿಸಬೇಡಿ. ಮೊದಲೇ ಕಾವಿಗಿಟ್ಟ ಮೊಟ್ಟೆಗಳ ನಡುವೆ ಹೊಸ ಮೊಟ್ಟೆ ಸೇರಿಸುವುದೂ ಬೇಡ.

5. ಮೊಟ್ಟೆ ತಿರುಗಿಸುವುದು

ಒಂದೇ ಕಡೆ ಬಿದ್ದಿದ್ದರೆ ಅಂಕುರ ಚಿಪ್ಪಿನ ಒಳಪೊರೆಗೆ ಅಂಟಿಕೊಳ್ಳುತ್ತದೆ. ಯಂತ್ರವೇ ತಿರುಗಿಸುವ ಪೆಟ್ಟಿಗೆಯಾದರೆ ಅದು ನಿಜವಾಗಿ ತಿರುಗುತ್ತಿದೆಯೇ ಎಂದು ದಿನಕ್ಕೊಮ್ಮೆ ನೋಡಿದರೆ ಸಾಕು. ಕೈಯಿಂದ ತಿರುಗಿಸುವವರು ಮೊಟ್ಟೆಯ ಒಂದು ಬದಿಗೆ ಅಡ್ಡಗೆರೆ, ಇನ್ನೊಂದು ಬದಿಗೆ ಸೊನ್ನೆ ಬರೆದುಕೊಂಡು, ದಿನಕ್ಕೆ ಮೂರು ಅಥವಾ ಐದು ಸಲ, ಅಂದರೆ ಬೆಸ ಸಂಖ್ಯೆಯಲ್ಲಿ, ತಿರುಗಿಸಬೇಕು. ಬೆಸ ಸಂಖ್ಯೆಯಾದರೆ ಉದ್ದವಾದ ರಾತ್ರಿಯ ಅವಧಿಯಲ್ಲಿ ಪ್ರತಿದಿನ ಒಂದೇ ಬದಿ ಮೇಲಿರುವುದು ತಪ್ಪುತ್ತದೆ. ಕೈ ಶುಚಿಯಾಗಿರಲಿ. ಮೊದಲ ವಾರದಲ್ಲಿ ಒಂದು ಸಲವೂ ತಪ್ಪಿಸಬೇಡಿ.

6. ತೇವಾಂಶ: ಚೀಟಿಯನ್ನು ಬಿಟ್ಟು ಮೊಟ್ಟೆಯನ್ನು ಕೇಳಿ

ಮೊಟ್ಟೆಯೊಳಗಿನ ನೀರು ಚಿಪ್ಪಿನ ರಂಧ್ರಗಳ ಮೂಲಕ ದಿನವೂ ಸ್ವಲ್ಪ ಸ್ವಲ್ಪ ಆರಿಹೋಗುತ್ತದೆ, ಹೋಗಲೇಬೇಕು. ಹಾಗೆ ಖಾಲಿಯಾದ ಜಾಗದಲ್ಲಿ, ದುಂಡು ತುದಿಯಲ್ಲಿ, ಗಾಳಿಕೋಶ ಎಂಬ ಗಾಳಿ ತುಂಬಿದ ಭಾಗ ಬೆಳೆಯುತ್ತದೆ. ಹೊರಬರುವ ಮುನ್ನಾದಿನ ಮರಿ ತನ್ನ ಮೊದಲ ಉಸಿರನ್ನು ಎಳೆದುಕೊಳ್ಳುವುದು ಈ ಗಾಳಿಕೋಶದಿಂದಲೇ. ಪೆಟ್ಟಿಗೆಯಲ್ಲಿ ತೇವ ಹೆಚ್ಚಾದರೆ ಗಾಳಿಕೋಶ ಚಿಕ್ಕದಾಗಿಯೇ ಉಳಿದು, ಊದಿಕೊಂಡ ಮರಿ ತಿರುಗಲು ಜಾಗವಿಲ್ಲದೆ ಉಸಿರುಗಟ್ಟಿ ಸಾಯುತ್ತದೆ. ತೇವ ಕಡಿಮೆಯಾದರೆ ಒಳಪೊರೆ ಒಣಗಿ ಗಟ್ಟಿಯಾಗಿ ಮರಿಗೆ ಅಂಟಿಕೊಳ್ಳುತ್ತದೆ. ಪೂರ್ತಿ ಬೆಳೆದ ಮರಿ ಚಿಪ್ಪಿನೊಳಗೆ ಸತ್ತ ಬಹುಪಾಲು ಪ್ರಸಂಗಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಈ ಎರಡನ್ನೇ.

ಮೊದಲ 18 ದಿನ ತೇವಾಂಶ ಶೇ. 45ರಿಂದ 55ರಷ್ಟಿರಲಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಹೊರಗಿನ ಗಾಳಿ ಪೆಟ್ಟಿಗೆಯೊಳಗೆ ಬಂದು ಕಾಯ್ದಾಗ ಅದರ ಸಾಪೇಕ್ಷ ತೇವಾಂಶ, ಅಂದರೆ ಆ ಶಾಖದಲ್ಲಿ ಗಾಳಿ ಹಿಡಿಯಬಲ್ಲ ನೀರಾವಿಯಲ್ಲಿ ಶೇಕಡಾ ಎಷ್ಟು ಇದೆ ಎಂಬ ಅಂಕಿ, ಬಹಳ ಇಳಿಯುತ್ತದೆ ಎಂಬುದನ್ನು ಇಲ್ಲಿ ನೆನಪಿಡಬೇಕು. ಮಳೆಗಾಲದ ಸಕಲೇಶಪುರದಲ್ಲಿ ಹೊರಗೆ 22 ಡಿಗ್ರಿ ಶಾಖ, ಶೇ. 95 ತೇವಾಂಶ ಇದೆಯೆಂದು ಇಟ್ಟುಕೊಳ್ಳೋಣ. ಅದೇ ಗಾಳಿ 37.5 ಡಿಗ್ರಿಗೆ ಕಾಯ್ದಾಗ ತೇವಾಂಶ ಸುಮಾರು ಶೇ. 39ಕ್ಕೆ ಬರುತ್ತದೆ. ಮೊಟ್ಟೆಗಳಿಂದ ಆರುವ ನೀರೂ ಇದಕ್ಕೆ ಸೇರುವುದರಿಂದ, ಒಂದು ಹನಿ ನೀರು ಇಡದಿದ್ದರೂ ಪೆಟ್ಟಿಗೆ ಶೇ. 40 ದಾಟುತ್ತದೆ. ಬೇಸಿಗೆಯ ಮಧ್ಯಾಹ್ನ ಕಡೂರಿನ ಕಡೆ 32 ಡಿಗ್ರಿ, ಶೇ. 30 ಇದ್ದರೆ ಅದೇ ಲೆಕ್ಕದಲ್ಲಿ ಪೆಟ್ಟಿಗೆಯೊಳಗೆ ಬರುವುದು ಶೇ. 22 ಮಾತ್ರ. ಚಳಿಗಾಲದ ರಾತ್ರಿ 15 ಡಿಗ್ರಿ, ಶೇ. 80 ಇದ್ದರೂ ಒಳಗೆ ಶೇ. 21ರ ಹತ್ತಿರವೇ. ಮಂಜು ಸುರಿಯುವ ರಾತ್ರಿಯಲ್ಲೂ ಪೆಟ್ಟಿಗೆಯೊಳಗಿನ ಗಾಳಿ ಬೇಸಿಗೆಯಷ್ಟೇ ಒಣಗಿರುತ್ತದೆ ಎಂಬ ಮಾತನ್ನು ಹೊಸಬರು ಸುಲಭವಾಗಿ ನಂಬುವುದಿಲ್ಲ. ಹೈಗ್ರೋಮೀಟರ್ ಇಟ್ಟು ನೀವೇ ನೋಡಬಹುದು.

ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿಯ ಕಡೆಯವರು ಮೊದಲ 18 ದಿನ ನೀರಿಲ್ಲದೆ, ಅಥವಾ ಒಂದು ಚಿಕ್ಕ ಬಟ್ಟಲು ನೀರಿನಿಂದ ಆರಂಭಿಸಬೇಕು. ಚೀಟಿಯಲ್ಲಿ ಹೇಳಿದೆಯೆಂದು ಪೆಟ್ಟಿಗೆಯಲ್ಲಿರುವ ಎರಡು ನೀರಿನ ತೊಟ್ಟಿಯನ್ನೂ ತುಂಬಿಸುವುದು ಈ ಭಾಗದಲ್ಲಿ ಅತಿ ಹೆಚ್ಚು ನಡೆಯುವ ತಪ್ಪು. ಕಡೂರು, ಅರಸೀಕೆರೆ, ಚನ್ನರಾಯಪಟ್ಟಣದ ಕಡೆಯವರು, ಹಾಗೂ ಚಳಿಗಾಲ ಮತ್ತು ಬೇಸಿಗೆಯಲ್ಲಿ ಎಲ್ಲರೂ, ನೀರು ಇಡಲೇಬೇಕು. ತೇವ ಹೆಚ್ಚಿಸುವುದು ನೀರಿನ ಆಳವಲ್ಲ, ಅದರ ಮೇಲ್ಮೈಯ ವಿಸ್ತಾರ. ಆಳವಾದ ಲೋಟಕ್ಕಿಂತ ಅಗಲವಾದ ತಟ್ಟೆ ಹೆಚ್ಚು ಕೆಲಸ ಮಾಡುತ್ತದೆ. ಸಾಲದಿದ್ದರೆ ಅದರಲ್ಲಿ ಸ್ಪಂಜಿನ ತುಂಡನ್ನು ನಿಲ್ಲಿಸಿ. ನೀರನ್ನು ಉಗುರುಬೆಚ್ಚಗೆ ಮಾಡಿ ಹಾಕಿ.

ಇದು ಸರಿಯಾಗಿ ನಡೆಯುತ್ತಿದೆಯೇ ಎಂದು ಹೇಳುವುದು ತಕ್ಕಡಿ. ಹದಿನೆಂಟು ದಿನಗಳಲ್ಲಿ ಮೊಟ್ಟೆ ತನ್ನ ತೂಕದ ಶೇ. 11ರಿಂದ 14ರಷ್ಟನ್ನು ಕಳೆದುಕೊಳ್ಳಬೇಕು. ಲೆಕ್ಕಕ್ಕೆ ಶೇ. 12 ಎಂದು ಹಿಡಿಯೋಣ. 45 ಗ್ರಾಮಿನ 20 ಮೊಟ್ಟೆಗಳ ಒಟ್ಟು ತೂಕ 900 ಗ್ರಾಂ. ಅದರ ಶೇ. 12 ಎಂದರೆ 108 ಗ್ರಾಂ, ಅಂದರೆ ದಿನಕ್ಕೆ 6 ಗ್ರಾಂ. ಆ ಪ್ರಕಾರ 7ನೆಯ ದಿನ 858, 14ನೆಯ ದಿನ 816, 18ನೆಯ ದಿನ 792 ಗ್ರಾಂ ಇರಬೇಕು. ಏಳನೆಯ ದಿನ 875 ಇದ್ದರೆ ನೀರು ಸರಿಯಾಗಿ ಆರುತ್ತಿಲ್ಲ, ಬಟ್ಟಲನ್ನು ತೆಗೆಯಿರಿ ಅಥವಾ ಗಾಳಿರಂಧ್ರವನ್ನು ಇನ್ನಷ್ಟು ತೆರೆಯಿರಿ. 840 ಇದ್ದರೆ ಅತಿಯಾಗಿ ಆರುತ್ತಿದೆ, ನೀರಿನ ವಿಸ್ತಾರ ಹೆಚ್ಚಿಸಿ. ಕೆಟ್ಟ ಮೊಟ್ಟೆಗಳನ್ನು ನಡುವೆ ತೆಗೆದರೆ ಒಟ್ಟು ತೂಕದ ಬದಲು ಒಂದು ಮೊಟ್ಟೆಯ ಸರಾಸರಿ ತೂಕವನ್ನು ಹೋಲಿಸಿ ನೋಡಬೇಕು. ವಾರಕ್ಕೊಮ್ಮೆ ಐದು ನಿಮಿಷದ ಈ ಕೆಲಸ ಮಾಡಿದರೆ ನಿಮ್ಮ ಊರು, ನಿಮ್ಮ ಕೋಣೆ, ಈ ತಿಂಗಳು ಎಷ್ಟು ನೀರು ಕೇಳುತ್ತದೆ ಎಂಬುದು ಒಂದೆರಡು ಸಲ ಇಡುವಷ್ಟರಲ್ಲಿ ನಿಮಗೇ ಗೊತ್ತಾಗುತ್ತದೆ.

7. ಬೆಳಕಿನಲ್ಲಿ ನೋಡುವುದು

ಕತ್ತಲೆ ಕೋಣೆಯಲ್ಲಿ ಮೊಟ್ಟೆಯ ದುಂಡು ತುದಿಗೆ ಟಾರ್ಚ್ ಒತ್ತಿ ಒಳಗಿನದನ್ನು ನೋಡುವುದಕ್ಕೆ ಕ್ಯಾಂಡ್ಲಿಂಗ್ ಎನ್ನುತ್ತಾರೆ. 7, 14 ಮತ್ತು 18ನೆಯ ದಿನ ನೋಡಿದರೆ ಸಾಕು. ಏಳನೆಯ ದಿನ ಒಂದು ಕಪ್ಪು ಚುಕ್ಕೆಯಿಂದ ಸುತ್ತಲೂ ಹಬ್ಬಿದ ಕೆಂಪು ನರಗಳು ಕಂಡರೆ ಅಂಕುರ ಜೀವಂತವಾಗಿದೆ. ಏನೂ ಕಾಣದೆ ತಿಳಿಯಾಗಿದ್ದರೆ ಹುಂಜ ಕೂಡದ ಮೊಟ್ಟೆ. ನರಗಳಿಲ್ಲದೆ ಕೆಂಪು ಉಂಗುರವೊಂದೇ ಕಂಡರೆ ಮೊದಲ ದಿನಗಳಲ್ಲೇ ಅಂಕುರ ಸತ್ತಿದೆ. ಇವೆರಡನ್ನೂ ತೆಗೆದುಬಿಡಿ. ಚಿಪ್ಪು ಕಂದಾಗಿದ್ದು ಅನುಮಾನವಾದರೆ ಇನ್ನು ಮೂರು ದಿನ ಬಿಟ್ಟು ನೋಡಿ. ಹದಿನಾಲ್ಕನೆಯ ದಿನ ಬಹುಭಾಗ ಕಪ್ಪಾಗಿ, ಮೇಲೆ ಗಾಳಿಕೋಶ ಮಾತ್ರ ತಿಳಿಯಾಗಿ ಕಾಣಬೇಕು. ಕೆಟ್ಟ ವಾಸನೆ ಬರುವ ಅಥವಾ ಜಿನುಗುವ ಮೊಟ್ಟೆಯನ್ನು ಅಲುಗಿಸದೆ ಕೂಡಲೇ ಹೊರಗೊಯ್ಯಿರಿ.

ಕರೆಂಟ್ ಹೋದಾಗ

ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದರೆ ತೋಟದ ಮನೆಗಳಿಗೆ ದಿನಗಟ್ಟಲೆ ಕರೆಂಟ್ ಇರುವುದಿಲ್ಲ, ಆದ್ದರಿಂದ ಇದಕ್ಕೆ ಮೊದಲೇ ಸಿದ್ಧರಾಗಿ. ಚಿಕ್ಕ ಪೆಟ್ಟಿಗೆಯೊಂದು ಸರಾಸರಿ 60 ವ್ಯಾಟ್ ಬಳಸುತ್ತದೆಂದು ಹಿಡಿದರೆ, ಮನೆಯ ಇನ್ವರ್ಟರಿನ 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿ ಅದೊಂದನ್ನೇ ಹದಿನೈದು ಗಂಟೆಗೂ ಹೆಚ್ಚು ನಡೆಸಬಲ್ಲದು. ಕಂಪ್ಯೂಟರಿನ ಯುಪಿಎಸ್‌ನಲ್ಲಿರುವ 7 ಆಂಪಿಯರ್-ಅವರ್ ಬ್ಯಾಟರಿ ಒಂದು ಗಂಟೆ ಬಂದರೆ ಹೆಚ್ಚು.

ಬ್ಯಾಟರಿ ಇಲ್ಲದಿದ್ದರೆ ಮುಚ್ಚಳ ತೆರೆಯದೆ, ಗಾಳಿರಂಧ್ರಗಳನ್ನು ಬಿಟ್ಟು ಉಳಿದ ಭಾಗಕ್ಕೆ ಕಂಬಳಿ ಹೊದಿಸಿ. ಹೊತ್ತು ಮೀರಿದರೆ ಬಿಸಿನೀರಿನ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ, ಮೊಟ್ಟೆಗೆ ತಾಗದಂತೆ ಒಳಗಿಟ್ಟು, ಶಾಖ ನೋಡುತ್ತಾ ಬದಲಾಯಿಸಿ. ಕಾವು ಕೂತ ಹೇಟೆಯೂ ದಿನಕ್ಕೊಮ್ಮೆ ಮೇವು ನೀರಿಗೆ ಎದ್ದು ಹೋಗುತ್ತದೆ. ಮೊಟ್ಟೆಗಳು ಕೆಲವು ಗಂಟೆಯ ತಂಪನ್ನು ತಾಳಿಕೊಳ್ಳುತ್ತವೆ, ಮರಿ ಬರುವುದು ಸ್ವಲ್ಪ ತಡವಾಗಬಹುದು. ಆದರೆ ಅತಿಶಾಖವನ್ನು ತಾಳುವುದಿಲ್ಲ. ನಲವತ್ತು ಡಿಗ್ರಿ ದಾಟಿದರೆ ಅಲ್ಪ ಸಮಯದಲ್ಲೇ ಅಂಕುರಗಳು ಸಾಯುತ್ತವೆ. ಆದುದರಿಂದ ಕಳೆದ ಶಾಖವನ್ನು ತುಂಬಿಕೊಡಲು ಥರ್ಮೋಸ್ಟಾಟನ್ನು ಎಂದಿಗೂ ಏರಿಸಬೇಡಿ. ಗುಡುಗಿಗೆ ಮೊಟ್ಟೆ ಕೆಡುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ, ಪೆಟ್ಟಿಗೆಯಲ್ಲಿ ಕಬ್ಬಿಣದ ತುಂಡು ಇಡಬೇಕೇ ಎಂದೂ ಕೇಳುವವರಿದ್ದಾರೆ. ಸದ್ದಿನಿಂದ ಮೊಟ್ಟೆಗೆ ಏನೂ ಆಗುವುದಿಲ್ಲ. ಗುಡುಗಿನ ದಿನ ಕರೆಂಟ್ ಹೋಗುತ್ತದೆ, ನೋಡಿಕೊಳ್ಳಬೇಕಾದದ್ದು ಅದನ್ನು.

8. ಕೊನೆಯ ಮೂರು ದಿನ

ಹದಿನೆಂಟನೆಯ ದಿನ ತಿರುಗಿಸುವುದನ್ನು ನಿಲ್ಲಿಸಿ, ತಿರುಗಿಸುವ ಟ್ರೇಯನ್ನು ತೆಗೆದು, ಮೊಟ್ಟೆಗಳನ್ನು ಒರಟಾದ ಬಲೆ ಅಥವಾ ಶುಚಿಯಾದ ಗೋಣಿಬಟ್ಟೆಯ ಮೇಲೆ ಅಡ್ಡ ಮಲಗಿಸಿ. ನುಣುಪಾದ ತಳದಲ್ಲಿ ಮರಿಗಳ ಕಾಲು ಜಾರಿ ಎರಡು ಕಡೆಗೆ ಸೀಳಿಕೊಳ್ಳುತ್ತವೆ. ಈಗ ತೇವಾಂಶ ಶೇ. 65ರಿಂದ 70ಕ್ಕೆ ಏರಬೇಕು, ಮಲೆನಾಡಿನವರೂ ಈ ಹಂತದಲ್ಲಿ ನೀರು ಇಡಲೇಬೇಕು. ಮರಿಗಳು ಉಸಿರಾಡಲು ತೊಡಗುವುದರಿಂದ ಗಾಳಿರಂಧ್ರಗಳನ್ನು ಪೂರ್ತಿ ತೆರೆದಿಡಿ. ತೇವ ಉಳಿಸಲೆಂದು ರಂಧ್ರ ಮುಚ್ಚುವುದು ಅಪಾಯಕರ.

ಇಪ್ಪತ್ತನೆಯ ದಿನದ ಸುಮಾರಿಗೆ ಒಳಗಿನಿಂದ ಚಿಲಿಪಿಲಿ ಕೇಳಿಸುತ್ತದೆ, ಚಿಪ್ಪಿನ ಮೇಲೆ ಚಿಕ್ಕ ಬಿರುಕು ಮೂಡುತ್ತದೆ. ಆ ಬಿರುಕಿನಿಂದ ಮರಿ ಹೊರಬರುವವರೆಗೆ ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆ ಹಿಡಿಯಬಹುದು. ಕಾಯುವುದು ಕಷ್ಟವೆಂದು ಗೊತ್ತು, ಆದರೂ ಮುಚ್ಚಳ ತೆರೆಯಬೇಡಿ. ಒಮ್ಮೆ ತೆರೆದರೆ ತೇವವೆಲ್ಲ ಹೊರಹೋಗಿ, ಅರೆ ಒಡೆದ ಮೊಟ್ಟೆಗಳ ಪೊರೆ ಒಣಗಿ ಮರಿಗಳು ಅಲ್ಲೇ ಸಿಕ್ಕಿಕೊಳ್ಳುತ್ತವೆ. ಉಗುರಿನಿಂದ ಚಿಪ್ಪು ಬಿಡಿಸಿ ಸಹಾಯ ಮಾಡುವುದೂ ಬೇಡ. ಆ ಹೊತ್ತಿನಲ್ಲಿ ಮರಿ ಪೊರೆಯ ನರಗಳಲ್ಲಿರುವ ರಕ್ತವನ್ನೂ ಉಳಿದ ಹಳದಿಯನ್ನೂ ತನ್ನೊಳಗೆ ಎಳೆದುಕೊಳ್ಳುತ್ತಿರುತ್ತದೆ, ಅವಸರಪಡಿಸಿದರೆ ರಕ್ತ ಸುರಿದು ಸಾಯುತ್ತದೆ.

ಒಳಗೆಳೆದುಕೊಂಡ ಆ ಹಳದಿಯೇ ಹುಟ್ಟಿದ ಮರಿಗೆ ಎರಡು ದಿನದ ಆಹಾರ. ಆದ್ದರಿಂದ ಮೊದಲ ಮರಿ ಹೊರಬಂದ ಕೂಡಲೇ ನೀರು, ಮೇವಿಗೆ ಚಡಪಡಿಸಬೇಕಾಗಿಲ್ಲ. ಮೈ ಒಣಗಿ ಪುಕ್ಕ ಅರಳುವವರೆಗೆ ಒಳಗೇ ಬಿಟ್ಟು, ಹೆಚ್ಚಿನವು ಒಡೆದ ಮೇಲೆ ಒಟ್ಟಿಗೆ ತೆಗೆಯಿರಿ.

9. ಮರಿಗಳ ಬೆಚ್ಚನೆ ಗೂಡು

ಬ್ರೂಡರ್ ಎಂದರೆ ಮರಿಗಳಿಗೆ ತಾಯಿಯ ಬದಲು ಶಾಖ ಕೊಡುವ ಆವರಣ. ಮೊದಲ ವಾರ ಬಲ್ಬಿನ ಕೆಳಗೆ 33ರಿಂದ 35 ಡಿಗ್ರಿ, ನಂತರ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸಿ. ಮರಿಗಳೆಲ್ಲ ಬಲ್ಬಿನಡಿ ಗುಂಪಾದರೆ ಚಳಿ, ಮೂಲೆಗಳಿಗೆ ಓಡಿ ಬಾಯಿ ತೆರೆದರೆ ಸೆಕೆ, ಸಮನಾಗಿ ಹರಡಿ ಮೇಯುತ್ತಿದ್ದರೆ ಸರಿ. ಮಳೆಗಾಲದ ಮಲೆನಾಡಿನಲ್ಲಿ ಐದಾರು ವಾರ ಶಾಖ ಬೇಕಾಗುತ್ತದೆ. ನೆಲಕ್ಕೆ ಎರಡು ಅಂಗುಲ ಭತ್ತದ ಹೊಟ್ಟು ಹಾಕಿ, ಮೊದಲ ಕೆಲವು ದಿನ ಅದರ ಮೇಲೆ ಗೋಣಿಬಟ್ಟೆ ಹಾಸಿ. ಮೊದಲು ನೀರು, ಆಮೇಲೆ ಮೇವು. ನೀರಿನ ತಟ್ಟೆ ಆಳವಿಲ್ಲದೆ ಇರಲಿ, ಒಳಗೆ ಬೆಣಚುಕಲ್ಲು ಹಾಕಿದರೆ ಮರಿ ಮುಳುಗುವುದಿಲ್ಲ. ಬರಿಯ ಅಕ್ಕಿನುಚ್ಚು, ರಾಗಿಯಿಂದ ಬೆಳವಣಿಗೆ ಸಾಲದು. ಶೇ. 20ರಷ್ಟು ಪ್ರೋಟೀನ್ ಇರುವ ಚಿಕ್ ಸ್ಟಾರ್ಟರ್ ಮೇವನ್ನು ಕೊಡಿ.

ಕೊಕ್ಕರೆ ರೋಗ ಎಂದು ನಾವು ಕರೆಯುವ ರಾಣಿಖೇತ್ ರೋಗದ ಲಸಿಕೆಯನ್ನು 5ರಿಂದ 7ನೆಯ ದಿನದೊಳಗೆ ಕಣ್ಣಿಗೋ ಮೂಗಿಗೋ ಹನಿಯಾಗಿ ಹಾಕಿಸಿ. ಮುಂದಿನ ಲಸಿಕೆಗಳ ದಿನಗಳನ್ನು ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಒಂದು ಸೀಸೆಯಲ್ಲಿ ನೂರಾರು ಮರಿಗಾಗುವಷ್ಟು ಲಸಿಕೆ ಇರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಅಕ್ಕಪಕ್ಕದ ಮನೆಯವರು ಸೇರಿ ಒಂದೇ ದಿನ ಹಾಕಿಸಿಕೊಳ್ಳುವುದು ಅನುಕೂಲ. ತರುವಾಗ ಐಸ್ ಜೊತೆಯಲ್ಲೇ ತನ್ನಿ.

10. ಒಡೆಯದ ಮೊಟ್ಟೆ, ಪೆಟ್ಟಿಗೆಯ ಶುಚಿ

ಇಪ್ಪತ್ತಮೂರನೆಯ ದಿನದವರೆಗೆ ಕಾದು, ಉಳಿದ ಮೊಟ್ಟೆಗಳನ್ನು ಎಸೆಯುವ ಮೊದಲು ಮನೆಯಿಂದ ಹೊರಗೆ ಒಡೆದು ನೋಡಿ. ಮರಿ ಊದಿಕೊಂಡು ಸುತ್ತ ನೀರಿದ್ದರೆ ಮೊದಲ 18 ದಿನ ತೇವ ಹೆಚ್ಚಾಗಿದೆ. ಒಣಪೊರೆಗೆ ಅಂಟಿದ್ದರೆ ತೇವ ಕಡಿಮೆಯಾಗಿದೆ, ಅಥವಾ ಕೊನೆಯಲ್ಲಿ ಮುಚ್ಚಳ ತೆರೆಯಲಾಗಿದೆ. ಮರಿಗಳು 20ನೆಯ ದಿನಕ್ಕೂ ಮೊದಲೇ ಬಂದು ಹೊಕ್ಕುಳು ಮುಚ್ಚದೆ ಇದ್ದರೆ ಶಾಖ ಹೆಚ್ಚು, 22 ದಾಟಿ ಬಂದಿದ್ದರೆ ಶಾಖ ಕಡಿಮೆ. ಇದನ್ನು ತೂಕದ ಲೆಕ್ಕದ ಪಕ್ಕದಲ್ಲೇ ಬರೆದಿಡಿ.

ಪೆಟ್ಟಿಗೆಯ ಪುಕ್ಕ, ಚಿಪ್ಪುಗಳನ್ನು ತೆಗೆದು ಸೋಪಿನ ನೀರಿನಲ್ಲಿ ಒರೆಸಿ, ಬಳಿಕ ತೆಳುವಾದ ಬ್ಲೀಚಿಂಗ್ ದ್ರಾವಣದಲ್ಲಿ ಇನ್ನೊಮ್ಮೆ ಒರೆಸಿ. ತಂತಿ, ಫ್ಯಾನ್, ಸಂವೇದಕಗಳಿಗೆ ಒಣಬಟ್ಟೆ ಸಾಕು. ದೊಡ್ಡ ಹ್ಯಾಚರಿಗಳಲ್ಲಿ ಫಾರ್ಮಲಿನ್ ಮತ್ತು ಪೊಟ್ಯಾಸಿಯಂ ಪರ್ಮಾಂಗನೇಟ್ ಬೆರೆಸಿ ಹೊಗೆ ಹಾಕುವ ಕ್ರಮವಿದೆ. ಆ ಹೊಗೆ ಕಣ್ಣಿಗೂ ಶ್ವಾಸಕೋಶಕ್ಕೂ ವಿಷ, ಜನ ವಾಸಿಸುವ ಮನೆಯಲ್ಲಿ ಅದನ್ನು ಮಾಡಲೇಬಾರದು. ಥರ್ಮೋಕೋಲ್ ಪೆಟ್ಟಿಗೆಯ ಸಂದುಗಳಲ್ಲಿ ಕೊಳೆ ಉಳಿಯುವುದರಿಂದ ಮುಂದಿನ ಸಲ ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಬಲೆ ಇಟ್ಟರೆ ಕೆಲಸ ಹಗುರವಾಗುತ್ತದೆ. ತೊಳೆದ ಭಾಗಗಳನ್ನು ಬಿಸಿಲಿನಲ್ಲಿ, ಮಳೆಗಾಲವಾದರೆ ಖಾಲಿ ಪೆಟ್ಟಿಗೆಯನ್ನು ನೀರಿಲ್ಲದೆ ಒಂದು ದಿನ ಓಡಿಸಿ, ಪೂರ್ತಿ ಒಣಗಿಸಿ. ಹೊಸ ಮೊಟ್ಟೆ ಇಡುವ ಮುನ್ನ ಶಾಖವನ್ನು ಜ್ವರದ ಥರ್ಮಾಮೀಟರಿನಿಂದ ಮತ್ತೊಮ್ಮೆ ಪರೀಕ್ಷಿಸಿಕೊಳ್ಳಿ.